ಕೈಯಾರೆ ಹಾಕಿದ ನಂಬರು

ಇಂಟರ್ನೆಟ್ಟಿನ ಹಳೆ ಪೆಟ್ಟಿಗೆ ಕಳಚಿ ಹೊಸದನ್ನು ಕೂರಿಸಿದವನು ಹಸಿರು ದೀಪ ತೋರಿಸಿ ಹೊರಟುಹೋದ. ದೀಪವೇನೋ ಉರಿಯುತ್ತಿತ್ತು, ಕಂಪ್ಯೂಟರಿಗೆ ಮಾತ್ರ ಸಂಪರ್ಕವಿಲ್ಲ. ನಿವೃತ್ತ ಪೋಸ್ಟ್‌ಮ್ಯಾನನ ಹೆಂಡತಿ ಅದರ ಮುಂದೆ ಪಟ್ಟಾಗಿ ಕುಳಿತಳು. ಬೇರೆ ಊರಿನ ಆಸ್ಪತ್ರೆಯಲ್ಲಿ ಅವಳ ಅಕ್ಕನಿಗೆ ಇನ್ನು ಸ್ವಲ್ಪ ಹೊತ್ತಿಗೆ ಆಪರೇಷನ್. ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು, ಅಕ್ಷರವೂ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಇಬ್ಬರೂ ಸೇರಿ ಕಟ್ಟಿಕೊಂಡ ಕೈಸನ್ನೆಯೊಂದೇ ಅವಳ ಭಾಷೆ, ಅದು ತಂಗಿಗೊಬ್ಬಳಿಗೇ ತಿಳಿಯುವುದು. ಮನೆಯ ಬಟನ್ ಫೋನಿನಲ್ಲಿ ಸನ್ನೆ ಕಾಣುವುದುಂಟೆ? ನರ್ಸ್ ತನ್ನ ಫೋನಿನಲ್ಲಿ ಅಕ್ಕನನ್ನು ತೋರಿಸಲು ಒಪ್ಪಿದ್ದಳು. ಅಕ್ಕನ ಜೊತೆ ಮಾತಾಡದೆ ಅವಳನ್ನು ಒಳಗೆ ಕಳಿಸಲಾರೆ ಎಂದು ತಂಗಿ ಹಟ ಹಿಡಿದಿದ್ದಳು.

ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದಾಗ ಅಲ್ಲಿಯ ಹುಡುಗಿ ಕೇಳಿದಳು: "ಕಂಪ್ಯೂಟರ್‌ಗೆ ಯಾರಾದ್ರೂ ಕೈಯಾರೆ ಐಪಿ ನಂಬರ್, ಅಂದ್ರೆ ನೆಟ್‌ನಲ್ಲಿ ಅದರ ವಿಳಾಸ, ಹಾಕಿದ್ದಾರಾ ಅಮ್ಮ? ಹಾಗಿದ್ರೆ ಅಳಿಸಿ. ಹೊಸ ಪೆಟ್ಟಿಗೆನೇ ಬೇರೆ ಕೊಡುತ್ತೆ."

ಅವಳು ತಿರುಗಿ ಗಂಡನನ್ನು ನೋಡಿದಳು.

"ನಾನೇ ಹಾಕಿದ್ದು. ಆ ಹಳೇದು ದಿನಕ್ಕೊಂದು ನಂಬರ್ ಕೊಡ್ತಿತ್ತು ಕಣೇ. ವಿಳಾಸ ಅಂದ್ಮೇಲೆ ಖಾಯಂ ಇರಬೇಡ್ವಾ?" ಎಂದ ಪೋಸ್ಟ್‌ಮ್ಯಾನ್. ಜೀವಮಾನವಿಡೀ ವಿಳಾಸ ಹುಡುಕಿ ಕಾಲು ಸವೆಸಿದವನಿಗೆ ಇನ್ನೇನು ತೋಚೀತು! "ಅಳಿಸಬೇಡ. ಇರೋದೂ ಹೋಗುತ್ತೆ."

"ಏನಿದೆ ಅಂತ ಹೋಗೋಕೆ? ಬಿಟ್ಟುಬಂದ ಮನೆ ವಿಳಾಸ ಇಟ್ಕೊಂಡು ಕೂತ್ರೆ ಕಾಗದ ಬರುತ್ತೇನ್ರೀ?"

ಪೋಸ್ಟ್‌ಮ್ಯಾನ್ ಮೌಸನ್ನು ಅವಳತ್ತ ಸರಿಸಿದ.

ಅವಳು ಸೆಟ್ಟಿಂಗ್ಸ್ ತೆರೆದು, ಅವನು ಅಕ್ಕರೆಯಿಂದ ಕೂರಿಸಿದ್ದ ನಂಬರನ್ನು ಅಳಿಸಿ 'ಆಟೊಮ್ಯಾಟಿಕ್' ಒತ್ತಿದಳು. ಏನೂ ಆಗಲಿಲ್ಲ. ಆದರೂ ಜಗ್ಗದೆ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದಳು. ಸಂಪರ್ಕ ಬಂತು. ತಡಮಾಡದೆ ವೀಡಿಯೊ ಕರೆ ಹಚ್ಚಿದಳು.

ಪರದೆಯ ಮೇಲೆ ಅಕ್ಕ. ಅತ್ತು ಅತ್ತು ಮುಖ ಊದಿಕೊಂಡಿತ್ತು. ಸೂಜಿ ಚುಚ್ಚಿದ್ದ ಬಲಗೈಯನ್ನು ಮಂಚದ ಕಂಬಿಗೆ ಬಟ್ಟೆಯಿಂದ ಕಟ್ಟಿದ್ದರು.

"ಬೆಳಿಗ್ಗೆಯಿಂದ ಒಂದೇ ಗಲಾಟೆ. ಕೈ ಬೀಸಿ ಬೀಸಿ ಡ್ರಿಪ್ ಕಿತ್ತುಹಾಕ್ತಾರೆ. ಅದಕ್ಕೇ ಕಟ್ಟಿದ್ವಿ," ಎಂದಳು ನರ್ಸ್.

ತಂಗಿ ಪರದೆಯ ಹತ್ತಿರಕ್ಕೆ ಬಾಗಿದಳು.

"ಗಲಾಟೆ ಅಲ್ಲಮ್ಮ ಅದು. ಅವಳು ಮಾತಾಡೋದೇ ಆ ಕೈಯಲ್ಲಿ. ನೀವು ಅವಳ ಬಾಯಿ ಕಟ್ಟಿಹಾಕಿದ್ದೀರಿ. ಸೂಜಿ ಎಡಗೈಗೆ ಹಾಕಿ. ಈಗ್ಲೇ ಹಾಕಿ. ನಾನು ನೋಡ್ತಾ ಇರ್ತೀನಿ."

ನರ್ಸ್ ಫೋನನ್ನು ಮೇಜಿನ ಮೇಲೆ ಒರಗಿಸಿಟ್ಟು, ಬಟ್ಟೆ ಬಿಚ್ಚಿ ಸೂಜಿ ಬದಲಿಸಿದಳು. ಅಕ್ಕ ಮಣಿಕಟ್ಟು ಉಜ್ಜಿಕೊಂಡಳು. ಆಮೇಲೆ ತಂಗಿಯತ್ತ ಬಿರಬಿರನೆ ಬೆರಳಾಡಿಸಿದಳು.

"ಏನಂತೆ?" ಗಂಡ ಬಗ್ಗಿ ನೋಡಿದ.

"ಬೈತಿದಾಳೆ," ಎಂದಳು ಅವಳು, ಅಳುತ್ತಲೇ ನಗುತ್ತ. "ಇಷ್ಟೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ ಅಂತ."