ಅಣಬೆ ಪುಸ್ತಕದ ಹಸಿರು ಅಂಕಿಗಳು

ಸತು ಕಂಪ್ಯೂಟರಿನ ಪರದೆಯ ಮೇಲಿನ ಅಧ್ಯಾಯಗಳ ಪಟ್ಟಿಯಲ್ಲಿ ಹೊಸ ಅಧ್ಯಾಯವನ್ನು ಎಳೆದು ನಾಲ್ಕನೆಯದರ ಕೆಳಗೆ ಬಿಟ್ಟಳು. ಮುಂದಿನ ಅಧ್ಯಾಯಗಳ ಪುಟಸಂಖ್ಯೆಗಳೆಲ್ಲ ಒಂದರ ಹಿಂದೊಂದು ಸರಿದು ತಮ್ಮ ಜಾಗ ಹುಡುಕಿಕೊಂಡವು. ಎಷ್ಟು ಸಲ ನೋಡಿದ್ದರೂ ಅವಳಿಗೆ ಇದು ಹಳತಾಗಿರಲಿಲ್ಲ.

ತುರ್ಕು ನಗರದ ಈ ಪುಟ್ಟ ಪ್ರಕಾಶನಕ್ಕೆ ಅನ್ನ ಹಾಕುತ್ತಿದ್ದುದು, ಕಾಡಿನ ಅಣಬೆಗಳನ್ನು ಗುರುತಿಸಿ ಅಡುಗೆ ಮಾಡಲು ಕಲಿಸುವ ಅಣಬೆ ಪುಸ್ತಕವೇ. ಮೊದಲು ಅದೆಲ್ಲ ಒಂದೇ ದೊಡ್ಡ ಫೈಲಿನಲ್ಲಿತ್ತಂತೆ. ಒಂದು ಚಿತ್ರ ಸೇರಿಸಿದರೆ ಕಂಪ್ಯೂಟರು ಉಸಿರುಗಟ್ಟಿ ನಿಲ್ಲುತ್ತಿತ್ತು. ಅಧ್ಯಾಯಕ್ಕೊಂದು ಫೈಲು ಮಾಡಿ, ಎಲ್ಲವನ್ನೂ ಒಂದು ಪುಸ್ತಕವಾಗಿ ಹಿಡಿದಿಡುವ ಏರ್ಪಾಡು ಮಾಡಿದವಳು ಇಲ್ಲಿನ ಹಿರಿಯ ಸಂಪಾದಕಿ ಹಿಲ್ಕ. ಬೇಸಿಗೆಯಲ್ಲಿ ಅವಳ ನಿವೃತ್ತಿ. ಅಣಬೆ ಪುಸ್ತಕದ ಹೊಸ ಆವೃತ್ತಿ, ಅವಳ ಕೈಯಿಂದ ಹೋಗುವ ಕೊನೆಯದು, ಈ ಸಂಜೆ ಮುದ್ರಣಕ್ಕೆ ಹೋಗಬೇಕಿತ್ತು.

‘ಇಂಥ ಪುಟ ನೋಡಿ’ ಎಂದು ಬರುವಲ್ಲಿ ಅಂಕಿಯನ್ನು ಕೈಯಿಂದ ಒತ್ತಬಾರದು, ಆ ಪುಟಕ್ಕೆ ಕೊಂಡಿ ಹಾಕಬೇಕು ಎಂಬುದು ಹಿಲ್ಕಳ ಕಟ್ಟಪ್ಪಣೆ. ಕೊಂಡಿ ಹಾಕಿದ ಅಂಕಿ ಪರದೆಯ ಮೇಲೆ ಹಸಿರಾಗಿ ಕಾಣುತ್ತದೆ. ಪುಟ ಸರಿದರೆ ತಾನೂ ಬದಲಾಗುತ್ತದೆ. “ಕಾಡಲ್ಲಿ ಬುಟ್ಟಿ ಹಿಡ್ಕೊಂಡು ನಿಂತೋಳಿಗೆ ನಮ್ಮ ಅವಸರ ಗೊತ್ತಿರಲ್ಲ ಕಣೇ” ಅನ್ನುತ್ತಿದ್ದಳು.

ಸತು ಹಸಿರು ಅಂಕಿಗಳನ್ನು ನೋಡುತ್ತ ಹೋದಳು. ಏಳನೆಯ ಅಧ್ಯಾಯದಲ್ಲಿ ಒಂದು ಅಂಕಿ ಕಪ್ಪಗಿತ್ತು, ಕೈಯಿಂದ ಒತ್ತಿದ್ದು. ‘ಇದನ್ನೇ ಹೋಲುವ ವಿಷದ ಅಣಬೆಗೆ ಪುಟ ೧೪೮ ನೋಡಿ.’ ತಿರುವಿ ನೋಡಿದಳು. ಅಲ್ಲೀಗ ಅಣಬೆ ಸಲಾಡ್ ಮಾಡುವ ವಿಧಾನವಿತ್ತು.

ಅವಳು ತಕ್ಷಣ ತಿದ್ದಲು ಹೋದಳು, ಆಗಲಿಲ್ಲ. ಆ ಅಧ್ಯಾಯ ಹಿಲ್ಕಳದು. ಅದರ ಹೆಸರಿನ ಪಕ್ಕ ಈಗಲೂ ಬೀಗದ ಗುರುತಿತ್ತು. ಹಿಲ್ಕ ತನ್ನ ಕಂಪ್ಯೂಟರಿನಲ್ಲಿ ಆ ಫೈಲನ್ನು ಮುಚ್ಚುವ ತನಕ ಬೇರೆಯವರು ನೋಡಬಹುದು, ತಿದ್ದುವಂತಿಲ್ಲ.

“ಹಿಲ್ಕ, ಏಳನೇದು ಸ್ವಲ್ಪ ಮುಚ್ತೀಯಾ?”

“ಯಾಕೆ, ಏನು ಸಿಕ್ತು?”

“ಒಂದು ಅಲ್ಪವಿರಾಮ.”

“ನನ್ನ ಅಧ್ಯಾಯದಲ್ಲಾ? ಸುಳ್ಳು ಹೇಳ್ಬೇಡ ಮಾರಾಯ್ತಿ!” ಹಿಲ್ಕ ಕನ್ನಡಕವನ್ನು ಹಣೆಗೇರಿಸಿ ಕಣ್ಣುಜ್ಜಿಕೊಂಡಳು. ಈ ಚಳಿಗಾಲದಿಂದ ಅವಳಿಗೆ ಅದೊಂದು ಅಭ್ಯಾಸವಾಗಿತ್ತು.

“ಹೋಗೋ ಮುಂಚೆ ಒಂದಾದ್ರೂ ತಪ್ಪು ಮಾಡು, ನಮಗೂ ಸಮಾಧಾನ. ಏಳು, ಕಾಫಿಗಿಡು. ದಾಲ್ಚಿನ್ನಿ ಬನ್ ತಂದಿದ್ದೀನಿ” ಎಂದಳು ಸತು.

“ಅಂಗಡೀದಾ?”

“ನಾನೇ ಮಾಡಿದ್ದು.”

“ಹಾಗಾದ್ರೆ ಸೀದಿರತ್ತೆ.” ಹಿಲ್ಕ ನಗುತ್ತ ಫೈಲು ಮುಚ್ಚಿ ಎದ್ದಳು. ಬೀಗ ಮಾಯವಾಯಿತು.

ಸತು ಕಪ್ಪು ಅಂಕಿಯನ್ನು ಅಳಿಸಿ ಕೊಂಡಿ ಹಾಕಿದಳು. ೧೬೨ ಎಂದು ಹಸಿರಾಗಿ ಮೂಡಿತು. ಆ ಪುಟದಲ್ಲಿ, ಕೆಂಪು ಚೌಕಟ್ಟಿನೊಳಗೆ, ಆ ವಿಷದ ಅಣಬೆ ಇತ್ತು. ಅವಳು ಮತ್ತೆ ಪಟ್ಟಿಯನ್ನು ನೋಡಿದಳು. ಯಾವ ಅಧ್ಯಾಯ ಎಲ್ಲಿ ಮುಗಿಯಿತೆಂದು ಮುಂದಿನದಕ್ಕೆ ಗೊತ್ತು. ಈ ಕಪ್ಪು ಅಂಕಿಯನ್ನು ತನ್ನ ಕಣ್ಣಿಗೆ ಹಿಡಿದುಕೊಟ್ಟದ್ದೂ ಹಿಲ್ಕಳ ಹಸಿರೇ.

ಅಡುಗೆಕೋಣೆಯಿಂದ ದನಿ ಬಂತು. “ಸಿಕ್ತಾ ನಿನ್ನ ಅಲ್ಪವಿರಾಮ?”

“ಸಿಕ್ತು, ಸಿಕ್ತು.”

ಬೇಸಿಗೆಯೊಳಗೆ ಹಿಲ್ಕ ಮುಗಿಸಬೇಕಾದ ಪುಸ್ತಕಗಳು ಇನ್ನೂ ಎರಡಿದ್ದವು. ನಾಳೆಯಿಂದ ಅವಳಿಗಿಂತ ಮೊದಲು ಬಂದು, ಹಿಂದಿನ ದಿನ ಅವಳು ಮುಟ್ಟಿದ ಫೈಲುಗಳನ್ನೇ ಮೊದಲು ತೆರೆದು, ತಪ್ಪಿದ್ದರೆ ಅವಳಿಗೆ ಗೊತ್ತಾಗದಂತೆ ತಿದ್ದುವುದೆಂದು ಸತು ಅಂದುಕೊಂಡಳು. ಆಮೇಲೆ ಬನ್ನಿನ ಡಬ್ಬಿ ಎತ್ತಿಕೊಂಡು ಕಾಫಿಗೆ ಹೋದಳು.