ಹಡಗಿನ ಅಡುಗೆಮನೆಯ ಡಚ್

ಡಚ್ಚರ ದೇಶದಲ್ಲಿರುವ ನನ್ನ ಮೊಮ್ಮಗಳಿಗೆ ಏಳು ವರ್ಷ. ಅವಳಿಗೆ ಬರುವುದು ಡಚ್ ಒಂದೇ, ನನಗೆ ಬರುತ್ತಿದ್ದುದು ಕನ್ನಡ ಒಂದೇ. ಮಗಳು ಇದ್ದಾಗ ಮಗುವಿನ ಕಿವಿಗೆ ನಾಲ್ಕು ಕನ್ನಡದ ಮಾತು ಬೀಳುತ್ತಿತ್ತು. ಮಗಳು ತೀರಿಕೊಂಡು ನಾಲ್ಕು ವರ್ಷವಾಯಿತು, ಅವಳ ಜೊತೆಗೇ ಆ ಮನೆಯಿಂದ ಕನ್ನಡವೂ ಹೋಯಿತು. ಅಳಿಯನಿಗೆ ಕನ್ನಡ ಬರುವುದಿಲ್ಲವೇ? ಸೊಗಸಾಗಿ ಬರುತ್ತದೆ. ಮಗುವಿಗೆ ಕಲಿಸಲು ಮಾತ್ರ ಪುರುಸೊತ್ತಿಲ್ಲ.

ರಜೆಗೆ ಒಂದು ತಿಂಗಳು ಮಗುವನ್ನು ನನ್ನ ಹತ್ತಿರ ಬಿಡಿ ಎಂದು ಹಲ್ಲುಗಿಂಜಿ ಕೇಳಿದೆ. ಮಾತೇ ಬಾರದ ಅಜ್ಜಿಯ ಹತ್ತಿರ ಹೇಗಿರುತ್ತಾಳೆ ಎಂದು ಆ ಮಹಾರಾಯ ರಾಗ ಎಳೆದ. ಕೊನೆಗೆ ಹೇಳಿದ: "ನೀವೇ ಅವಳ ಹತ್ರ ಮಾತಾಡಿ ಅತ್ತೆ. ಅವಳು ಬರ್ತೀನಿ ಅಂದ್ರೆ ಕರ್ಕೊಂಡು ಬಂದು ಬಿಟ್ಟು ಹೋಗ್ತೀನಿ."

ಆಗಲಿ, ಡಚ್ಚೇ ಆಗಲಿ ಎಂದೆ. ಮೂವತ್ತು ವರ್ಷ ಹೊಲಿಗೆ ಮಷಿನ್ ತುಳಿದವಳು ನಾನು, ಎಂಥೆಂಥ ಸೊಟ್ಟ ಅಳತೆಯನ್ನೂ ನೇರ ಮಾಡಿದವಳು, ಒಂದು ಭಾಷೆಗೆ ಹೆದರುತ್ತೇನೆಯೇ? ನನ್ನ ಹೊಲಿಗೆ ಅಂಗಡಿಯ ಪಕ್ಕದ ಕೋಣೆಯಲ್ಲಿ ಒಬ್ಬ ಅಡುಗೆಯವನಿದ್ದ. ಡಚ್ಚರ ಸರಕು ಹಡಗಿನಲ್ಲಿ ಇಪ್ಪತ್ತು ವರ್ಷ ದುಡಿದು ಬಂದವನು. ಅವನನ್ನೇ ಮೇಷ್ಟ್ರು ಮಾಡಿಕೊಂಡೆ. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಪಾಠ.

ಮೊದಲ ದಿನವೇ ತಲೆ ಕೆಟ್ಟಿತು. ನಾವು ಕ್ರಿಯಾಪದವನ್ನು ಮಾತಿನ ಕೊನೆಗೆ ಕೂರಿಸುತ್ತೇವೆ. ಅವರಿಗೆ ಅದು ಎರಡನೇ ಜಾಗದಲ್ಲೇ ಬೇಕು. ‘ಇವತ್ತು’ ಎಂದು ಶುರು ಮಾಡಿದರೆ ‘ನಾನು’ ಹಿಂದಕ್ಕೆ ಸರಿದು ದಾರಿ ಬಿಡಬೇಕು. ವಂದಾಖ್ ಏಟ್ ಇಕ್ ಬ್ರೋಟ್. ಇವತ್ತು ತಿನ್ನುತ್ತೇನೆ ನಾನು ಬ್ರೆಡ್ಡು. ಮಧ್ಯದಲ್ಲಿ ‘ಯಾಕೆಂದರೆ’ ಬಂದರೆ ಮಾತ್ರ ಕ್ರಿಯಾಪದ ನಮ್ಮದರ ಹಾಗೆ ಕೊನೆಗೆ ಓಡುತ್ತದೆ. ಇದೆಂಥ ಮಂಗಾಟ ಎಂದು ಬೈದುಕೊಂಡೆ. ಆಮೇಲೆ ಬಟ್ಟೆಯ ಚೂರುಗಳ ಮೇಲೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದೊಂದೇ ಪದ ಬರೆದು, ಕ್ರಿಯಾಪದಕ್ಕೆ ಕೆಂಪು ಚೂರು ಇಟ್ಟು, ತೋಳು ಕಾಲರು ಕೂಡಿಸುವ ಹಾಗೆ ಪಿನ್ನು ಚುಚ್ಚಿ ಜೋಡಿಸಿದೆ. ಎರಡು ತಿಂಗಳಲ್ಲಿ ವಾಕ್ಯಗಳು ನಾಲಿಗೆಗೆ ಕೂತವು.

ಮೇಷ್ಟ್ರು ಮಾತ್ರ ಮೆಲ್ಲಗೆ ಹೇಳಿದರೆ ಒಪ್ಪುತ್ತಿರಲಿಲ್ಲ. ಡಚ್ಚನ್ನು ಎದೆ ತುಂಬಿ ಹೇಳಬೇಕು, ಇಲ್ಲದಿದ್ದರೆ ಯಾರಿಗೂ ಕೇಳುವುದಿಲ್ಲ ಎನ್ನುತ್ತಿದ್ದ. ಆ ಭಾಷೆಯೇ ಹಾಗಿರಬೇಕೆಂದು ನಾನೂ ಗಂಟಲು ಹರಿಯುವಂತೆ ಹೇಳಿದೆ. ಒಳಗೆ ಏನೋ ಜಗಳವೆಂದು ಗಿರಾಕಿಗಳು ಬಾಗಿಲಿನಿಂದಲೇ ವಾಪಸ್ ಹೋದದ್ದೂ ಉಂಟು.

ಭಾನುವಾರ ಫೋನಿನಲ್ಲಿ ಮಗುವಿನ ಮುಖ ಕಾಣಿಸಿತು. ಹಣೆ ಥೇಟ್ ಅವಳಮ್ಮನದು. ನಾನು ನಿನ್ನ ಅಜ್ಜಿ ಎಂದೆ. ಇವತ್ತು ಏನು ತಿಂದೆ ಎಂದೆ. ಮಗು ಕಣ್ಣರಳಿಸಿ ಬ್ರೆಡ್ಡು ಎಂದಿತು. ಅಯ್ಯೋ, ನನಗೆ ಸ್ವರ್ಗಕ್ಕೆ ಮೂರೇ ಗೇಣು! ಆ ಹುರುಪಿನಲ್ಲಿ ಕಲಿತದ್ದನ್ನೆಲ್ಲ ಮೇಷ್ಟ್ರ ಧಾಟಿಯಲ್ಲೇ ಒಪ್ಪಿಸಿಬಿಟ್ಟೆ. ಕೈ ತೊಳೆದೆಯಾ, ತೋರಿಸು. ತಟ್ಟೆ ಯಾಕೆ ಖಾಲಿಯಾಗಿಲ್ಲ? ಇನ್ನೂ ಯಾಕೆ ನಿಂತಿದ್ದೀಯ? ಒಂದು ವಾಕ್ಯವೂ ತಪ್ಪಲಿಲ್ಲ. ಮಗು ಅಪ್ಪನ ಅಂಗಿ ಹಿಡಿದು ಅವನ ಬೆನ್ನ ಹಿಂದೆ ಸರಿಯಿತು. ಅಲ್ಲಿಂದಲೇ ಏನೋ ಹೇಳಿತು.

ಅಳಿಯ ಕೆಮ್ಮಿದ. "ಅವಳಿಗೆ ನಿದ್ದೆ ಬಂದಿದೆಯಂತೆ ಅತ್ತೆ. ಈ ಸಲ ಬೇಡ ಬಿಡಿ, ಮುಂದಿನ ವರ್ಷ ನೋಡೋಣ."

ಅವರ ಕಿಟಕಿಯಲ್ಲಿ ನಡುಹಗಲಿನ ಬಿಸಿಲು, ಮಗುವಿಗೆ ನಿದ್ದೆಯಂತೆ! ಅದು ಹೇಳಿದ ಪ್ರತಿಯೊಂದು ಪದವೂ ನನಗೆ ತಿಳಿದಿತ್ತು. ‘ನಾನು ಅಲ್ಲಿಗೆ ಹೋಗಲ್ಲ, ಯಾಕೆಂದರೆ ಆ ಹೆಂಗಸಿಗೆ ಕೋಪ’ ಎಂದಿತ್ತು. ‘ಕೋಪ’ ಎಂಬ ಪದವನ್ನು ಮೇಷ್ಟ್ರು ಮೊದಲ ವಾರವೇ ಕಲಿಸಿದ್ದ. ಎರಡು ತಿಂಗಳು ಒದ್ದಾಡದೆ ಇದ್ದಿದ್ದರೆ ನಿದ್ದೆಯೆಂದೇ ನಂಬಿ ನೆಮ್ಮದಿಯಾಗಿರುತ್ತಿದ್ದೆ. ಮಲಗಲಿ ಬಿಡಿ ಎಂದು ಫೋನ್ ಇಟ್ಟೆ.

ಮಾರನೆಯ ದಿನ ಅಡುಗೆಯವನ ಮೇಲೆ ಹರಿಹಾಯ್ದೆ. ನೀನು ಕಲಿಸಿದ್ದು ಮಾತೋ ಬೈಗುಳವೋ ಎಂದು ಬಾಯಿಗೆ ಬಂದಂತೆ ಅಂದೆ. ಅವನು ತಲೆ ತಗ್ಗಿಸಿಕೊಂಡು ನಿಜ ಹೇಳಿದ. ಎಂಜಿನ್ನಿನ ಸದ್ದನ್ನು ಮೀರಿಸಿ ಹಿರಿಯ ಅಡುಗೆಯವನು ತನ್ನನ್ನು ಗದರಿಸುತ್ತಿದ್ದ ಮಾತುಗಳೇ ತನಗೆ ಬರುವ ಡಚ್ಚಂತೆ. ಇಪ್ಪತ್ತು ವರ್ಷ ಆ ಹಡಗಿನಲ್ಲಿ ಬೇರೆ ಯಾರೂ ತನ್ನನ್ನು ಮಾತಾಡಿಸಿರಲಿಲ್ಲವಂತೆ.

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. "ಹೋಗ್ಲಿ ಬಿಡು," ಎಂದೆ. "‘ಕಂದಾ, ಕೋಪ ಇಲ್ಲ, ಬಾ.’ ಡಚ್ಚಲ್ಲಿ ಇಷ್ಟು ಹೇಳ್ಕೊಡು, ಸಾಕು."

ಅವನು ಒಂದು ಬಟ್ಟೆಯ ಚೂರು ಎತ್ತಿಕೊಂಡು ಮತ್ತೆ ಕೆಳಗಿಟ್ಟ.

"ಬಾ ಅನ್ನೋದು ಗೊತ್ತು ಅಕ್ಕ," ಎಂದ. "ಕಂದಾ ಅಂತ ಅಲ್ಲಿ ನನ್ನ ಯಾರೂ ಕರೀಲಿಲ್ಲ."