ಮೂಲೆ ಕೊಠಡಿಯ ಭೂಕಂಪಗಳು

ಆ ಊರಿನ ಮಕ್ಕಳಿಗೆ ಭೂಕಂಪವೆಂದರೆ ಹೆದರಿಕೆಯಲ್ಲ, ಪುಕ್ಕಟೆ ಬಿಡುವು. ಆಗಾಗ ಒಂದು ಸಣ್ಣ ನಡುಕ ಬಂದು ಹೋಗುತ್ತಲೇ ಇತ್ತು. ಬಾಟಲಿಯ ನೀರಿನಲ್ಲಿ ಅಲೆ ಏಳುತ್ತಿತ್ತು, ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು, ಪೆನ್ಸಿಲು ತನ್ನ ಪಾಡಿಗೆ ಉರುಳಿ ಕೆಳಗೆ ಬೀಳುತ್ತಿತ್ತು, ಅಷ್ಟೇ. ಶಾಲೆಯ ನಿಯಮ ಇಷ್ಟು: ಮೊದಲು ಗೊತ್ತಾದವರು "ಅಲ್ಲಾಡ್ತು!" ಎಂದು ಕೂಗಬೇಕು. ಎಲ್ಲರೂ ಡೆಸ್ಕಿನ ಕೆಳಗೆ ನುಸುಳಿ ಅದರ ಕಾಲು ಹಿಡಿದು ಕೂರಬೇಕು. ಮೇಷ್ಟ್ರು ಏಳಿ ಅನ್ನುವ ತನಕ ಏಳಬಾರದು. ಆ ಕೆಳಗಿನ ಲೋಕವೇ ಬೇರೆ. ಅಲ್ಲಿ ಹೋಂವರ್ಕ್ ಕಾಪಿಯಾಗುತ್ತಿತ್ತು, ಮಾತು ಬಿಟ್ಟವರು ರಾಜಿಯಾಗುತ್ತಿದ್ದರು, ಊಟದ ಡಬ್ಬಿ ಹೊತ್ತಿಗೆ ಮೊದಲೇ ಬರಿದಾಗುತ್ತಿತ್ತು.

ಸೊಳ್ಳೆಗೆ ಅದೆಲ್ಲ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಸೊಳ್ಳೆ ಅಂದರೆ ಹಿಂದಿನ ಬೆಂಚಿನ ಕಡ್ಡಿಯಂಥ ಹುಡುಗಿ. ಕೀಚಲು ದನಿಯಿಂದಾಗಿ ಅಂಟಿಕೊಂಡ ಹೆಸರು ಅದು. ಈಗ ಅವಳ ತಲೆ ನೆರೆತಿದೆ, ಮಕ್ಕಳು ಅವಳಿಗಿಂತ ಎತ್ತರ ಬೆಳೆದಿದ್ದಾರೆ, ನೆಲ ಅಲ್ಲಾಡದ ಊರೊಂದರಲ್ಲಿ ಕನ್ನಡಕದ ಅಂಗಡಿ ನಡೆಸುತ್ತಾಳೆ. ಹೊರಗೆ ಭಾರದ ಲಾರಿ ಹೋಗಿ ಕಪಾಟಿನ ಗಾಜು ನಡುಗಿದರೆ ಗಿರಾಕಿಗಳು ಲಾರಿಯವನಿಗೆ ಶಾಪ ಹಾಕುತ್ತಾರೆ. ಅವಳಿಗೆ ಮಾತ್ರ ತವರಿನಿಂದ ಯಾರೋ ಬಂದಷ್ಟು ಹಿತವಾಗುತ್ತದೆ. ಅದರ ಹಿಂದೆಯೇ ಲೆಕ್ಕದ ಮೇಷ್ಟ್ರು ನೆನಪಾಗುತ್ತಾರೆ.

ಮೇಷ್ಟ್ರು ರೇಖಾಗಣಿತ ಹೇಳಿಕೊಡುತ್ತಿದ್ದರು. ಅವರಿಗೆ ಕೈವಾರವೂ ಬೇಡ, ಅಳತೆಪಟ್ಟಿಯೂ ಬೇಡ. ಸೀಮೆಸುಣ್ಣ ಹಿಡಿದು ಭುಜದಿಂದ ಒಮ್ಮೆ ಕೈ ಬೀಸಿದರೆಂದರೆ ಹಲಗೆಯ ಮೇಲೆ ದುಂಡನೆಯ ವೃತ್ತ. ಮಕ್ಕಳು ಚಪ್ಪಾಳೆ ತಟ್ಟಿದರೆ, "ನಾಟಕ ನೋಡೋಕೆ ಬಂದಿದ್ದೀರಾ? ಬರ್ಕೊಳ್ಳಿ" ಎಂದು ಗದರುತ್ತಿದ್ದರು. ಗದರುವಾಗಲೂ ಮೀಸೆಯಡಿ ನಗು ಇಣುಕುತ್ತಿತ್ತು. ನಮ್ಮ ಸೊಳ್ಳೆಗೆ ಈ ಜನ್ಮದಲ್ಲಿ ಲೆಕ್ಕ ತಲೆಗೆ ಹತ್ತುವುದಿಲ್ಲವೆಂದು ಅವಳ ಅಪ್ಪ ಕೈ ತೊಳೆದುಕೊಂಡಿದ್ದ. ಹಟ ಹಿಡಿದು ಹತ್ತಿಸಿದವರು ಈ ಮೇಷ್ಟ್ರು.

ಒಂದು ದಿನ ಅವರು ಗೆರೆ ಎಳೆಯುತ್ತಿರುವಾಗಲೇ ನಿಜವಾದ ನಡುಕ ಬಂತು. ಗೆರೆ ಹಾವಿನಂತೆ ಹರಿಯಿತು. "ಎಳೆದೋನು ನಾನು, ಸೊಟ್ಟ ಮಾಡಿದ್ದು ನೆಲ. ಜಗಳ ಇದ್ರೆ ಅದರ ಹತ್ರ ಆಡ್ಕೊಳ್ಳಿ" ಎಂದರು. ಡೆಸ್ಕಿನ ಕೆಳಗಿದ್ದವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಕೆಲವು ವಾರ ಕಳೆದು ಗೆರೆ ಮತ್ತೆ ಸೊಟ್ಟಗಾಯಿತು. ಈ ಸಲ ನೀರು ಅಲುಗಿರಲಿಲ್ಲ, ಗಾಜು ಸದ್ದು ಮಾಡಿರಲಿಲ್ಲ. ಮೇಷ್ಟ್ರು ಒರೆಸಿ ಮತ್ತೆ ಎಳೆದರು; ಅದೂ ಹಾಗೇ ಆಯಿತು. ಅವರು ತಮ್ಮ ಬಲಗೈಯನ್ನು ಯಾರದೋ ಕೈಯೆಂಬಂತೆ ನೋಡುತ್ತ ನಿಂತುಬಿಟ್ಟರು. ಆ ಮುಖ ನೋಡಲಾಗಲಿಲ್ಲ ಸೊಳ್ಳೆಗೆ. ತಾನೇನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಚೀರಿದ್ದಳು: "ಸರ್, ಅಲ್ಲಾಡ್ತು!"

ತರಗತಿಗೆ ತರಗತಿಯೇ ಡೆಸ್ಕಿನ ಕೆಳಗಿಳಿಯಿತು. ಯಾಕೆಂದು ಯಾರೂ ಕೇಳಲಿಲ್ಲ, ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಮೇಷ್ಟ್ರು ಆ ಗೆರೆ ಒರೆಸಿ, "ಏಳಿ" ಎಂದರು, ತೀರಾ ಮೆಲ್ಲಗೆ.

ಅಲ್ಲಿಂದ ಮುಂದೆ ಅದೊಂದು ಪದ್ಧತಿಯೇ ಆಗಿಹೋಯಿತು. ಮೇಷ್ಟ್ರ ಕೈ ತಪ್ಪಿದಾಗಲೆಲ್ಲ ಯಾರಾದರೂ ಒಬ್ಬರು ಕೂಗುವುದು, ಉಳಿದವರು ಇಳಿಯುವುದು. ಪಕ್ಕದ ತರಗತಿಯವರು ಕಣ್ಣರಳಿಸಿ ಕೇಳಿದರು, "ನಿಮ್ಮ ಕ್ಲಾಸಲ್ಲಿ ಮಾತ್ರ ಅದು ಹೇಗ್ರೋ ಭೂಕಂಪ ಆಗುತ್ತೆ?" "ನಮ್ಮದು ಮೂಲೆ ಕೊಠಡಿ. ಮೂಲೆಗೆ ಜಾಸ್ತಿ ತಾಗುತ್ತೆ" ಎಂದು ಇವರು ಪಂಡಿತರ ಹಾಗೆ ಹೇಳಿ ಕಳಿಸಿದರು. ಒಮ್ಮೆ ಗುಂಡಣ್ಣನೆಂಬ ದಡಿಯ ಇಂಗ್ಲಿಷ್ ಟೆಸ್ಟಿನ ಮಧ್ಯೆ ಸುಳ್ಳೇ ಕೂಗಿ ಪಕ್ಕದವನ ಉತ್ತರ ನೋಡಿಕೊಂಡ. ಆವತ್ತು ಸಂಜೆ ಎಲ್ಲರೂ ಸೇರಿ ಅವನ ನೀರಿಳಿಸಿದರು. ಆ ಸುಳ್ಳು ಮೇಷ್ಟ್ರ ಪಾಲಿನದು, ಕಂಡಕಂಡಲ್ಲಿ ಖರ್ಚು ಮಾಡುವಂಥದ್ದಲ್ಲ ಎಂಬುದು ಅವನಿಗೂ ಅರ್ಥವಾಗಿ ತಲೆ ತಗ್ಗಿಸಿದ.

ಗುಟ್ಟು ಎಷ್ಟು ದಿನ ನಿಂತೀತು? ಒಂದು ಬೆಳಿಗ್ಗೆ ಗಂಟೆ ಬಾರಿಸುವ ಜವಾನ ಮೆಟ್ಟಿಲ ಹತ್ತಿರ ಸೊಳ್ಳೆಯನ್ನು ತಡೆದು ಪಿಸುಗುಟ್ಟಿದ: "ಇವತ್ತು ಹೆಡ್ ಮೇಡಂ ನಿಮ್ಮ ಲೆಕ್ಕದ ಕ್ಲಾಸಲ್ಲಿ ಕೂರ್ತಾರಂತೆ. ಮೇಷ್ಟ್ರಿಗೆ ಕೈಲಾಗಲ್ಲ ಅಂತ ಯಾರೋ ಚಾಡಿ ಹೇಳಿದ್ದಾರೆ. ನಿಜ ಅನ್ನಿಸಿದ್ರೆ ಈ ತಿಂಗಳೇ ಮನೆಗೆ ಕಳಿಸ್ತಾರೆ."

ಸೊಳ್ಳೆಯ ಜೀವ ಬಾಯಿಗೆ ಬಂತು. ಪರೀಕ್ಷೆಗೆ ಇನ್ನೂ ಅರ್ಧ ಪುಸ್ತಕ ಬಾಕಿ. ಆದರೆ ಅವಳಿಗೆ ಪರೀಕ್ಷೆಯ ಚಿಂತೆಯಲ್ಲ. ಮೇಷ್ಟ್ರು ಚೀಲ ಹಿಡಿದು ಗೇಟು ದಾಟುವುದನ್ನು ಅವಳಿಂದ ನೆನೆಸಿಕೊಳ್ಳಲೂ ಆಗಲಿಲ್ಲ.

ಹೆಡ್ ಮೇಡಂ ದಪ್ಪ ಆಸಾಮಿ, ಮಂಡಿನೋವು ಬೇರೆ. ಇಸ್ತ್ರಿಯ ಗೆರೆ ಮುರಿಯದ ಬಟ್ಟೆ, ನಗು ಕಂಡರಿಯದ ಮುಖ. ಅವರು ಬಂದು ಹಿಂದಿನ ಬೆಂಚಿನಲ್ಲಿ, ಸೊಳ್ಳೆಯ ಪಕ್ಕದಲ್ಲೇ ಕೂತರು. ಮೇಷ್ಟ್ರು ತ್ರಿಭುಜದ ಮೊದಲ ಗೆರೆ ಎಳೆದರು. ಹೇಗೋ ಬಂತು. ಎರಡನೆಯದು ನಡುವೆ ಹೊಯ್ದಾಡಿ ಎಲ್ಲೋ ಹೋಯಿತು.

"ಸರ್, ಅಲ್ಲಾಡ್ತು!" ಸೊಳ್ಳೆಯ ದನಿ ಸೀಳಿಹೋಯಿತು. ಎಲ್ಲರೂ ಕೆಳಗಿಳಿದರು.

ಹೆಡ್ ಮೇಡಂ ಕೂತೇ ಇದ್ದರು. ಕತ್ತೆತ್ತಿ ಸೂರಿನಿಂದ ಇಳಿಬಿದ್ದ ದೀಪ ನೋಡಿದರು. ಅದು ಕದಲದೆ ನಿಂತಿತ್ತು. ಸೊಳ್ಳೆ ಕೆಳಗಿನಿಂದ ಅವರ ಚಪ್ಪಲಿಯನ್ನೇ ನೋಡುತ್ತ, ಮುಗೀತು ನಮ್ಮ ಕಥೆ ಅಂದುಕೊಂಡಳು. ಅಷ್ಟರಲ್ಲಿ ಬೆಂಚು ಕಿರುಗುಟ್ಟಿತು. ಒಂದು ಮಂಡಿ ಬಂತು, "ಅಮ್ಮಾ" ಎಂಬ ನರಳಿಕೆ ಬಂತು, ಆಮೇಲೆ ಇಡೀ ಹೆಡ್ ಮೇಡಂ ಅವಳ ಪಕ್ಕಕ್ಕೆ ಬಂದು ಡೆಸ್ಕಿನ ಕಾಲು ಹಿಡಿದು ಕೂತರು.

"ಸ್ವಲ್ಪ ಸರ್ಕೊಳ್ಳೇ" ಎಂದರು. ಆಮೇಲೆ ಜೋರಾಗಿ, "ಮೇಷ್ಟ್ರೇ, ನೀವೂ ಬನ್ನಿ ಕೆಳಗೆ."

"ಮೇಡಂ, ನೆಲ ಅಲ್ಲಾಡಿಲ್ಲ" ಎಂದರು ಮೇಷ್ಟ್ರು. "ನನ್ನ ಕೈ ಅಲ್ಲಾಡ್ತಿರೋದು. ಇಷ್ಟು ದಿನವೂ ಅಷ್ಟೇ. ನನಗೂ ಗೊತ್ತು, ಈ ಮಕ್ಕಳಿಗೂ ಗೊತ್ತು. ಇವರು ನನಗೋಸ್ಕರ ಮಂಡಿ ತರಚಿಕೊಂಡಿದ್ದು ಸಾಕು. ಏಳ್ರಪ್ಪಾ."

ಯಾರೂ ಏಳಲಿಲ್ಲ. ಎದ್ದರೆ ಆ ಮಾತಿಗೆ ಹೂಂ ಅಂದಂತೆ. ಎಂದೂ ಮೇಷ್ಟ್ರ ಮಾತು ಮೀರದ ಮುಂದಿನ ಬೆಂಚಿನ ಜಾಣರೂ ಡೆಸ್ಕಿನ ಕಾಲಿಗೆ ಅಂಟಿಕೊಂಡೇ ಇದ್ದರು. ಗುಂಡಣ್ಣ ಮೂಗು ಸುರ್ರೆಂದು ಎಳೆದುಕೊಂಡ.

"ಏಳ್ರೋ" ಎಂದರು ಮೇಷ್ಟ್ರು ಮತ್ತೆ. "ಯಾರಾದ್ರೂ ಬಂದು ಈ ಗೆರೆ ಹಾಕಿಕೊಡಿ. ಹೇಳೋದು ನನಗಿನ್ನೂ ಬರುತ್ತೆ."

ಆಗ ಸೊಳ್ಳೆಗೆ ಅನ್ನಿಸಿತು, ಮೇಷ್ಟ್ರು ಇಷ್ಟು ದಿನ ಒಬ್ಬರೇ ಮೇಲೆ ನಿಂತಿದ್ದರು. ನಾವೆಲ್ಲ ಪ್ರೀತಿಯಿಂದಲೇ ಬಚ್ಚಿಟ್ಟುಕೊಂಡಿದ್ದೆವು, ಆದರೆ ಅವರ ಪಕ್ಕದಲ್ಲಿ ಹೋಗಿ ನಿಲ್ಲಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಅವಳು ಎದ್ದಳು. ಕಾಲು ಜೋಮು ಹಿಡಿದಿತ್ತು. ಕುಂಟುತ್ತ ಹೋಗಿ ಅವರ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಅವರು ಹೇಳಿದ ಕಡೆಯಿಂದ ಹೇಳಿದ ಕಡೆಗೆ ಗೆರೆ ಎಳೆದಳು. ಅವಳ ಹಿಂದೆ ಒಬ್ಬೊಬ್ಬರೇ ಎದ್ದು ಬೆಂಚಿನ ಮೇಲೆ ಕೂತರು.

ಹೆಡ್ ಮೇಡಂ ಮಾತ್ರ ಕೆಳಗೇ ಉಳಿದರು. "ಇಳಿಯೋದೇನೋ ಇಳಿದೆ. ಯಾರಾದ್ರೂ ಎತ್ತಿ ನನ್ನ."

ಮಕ್ಕಳು ನಗಲೂ ಆಗದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರೇ ಹೋದರು. ಅಭ್ಯಾಸಬಲದಿಂದ ಬಲಗೈ ಚಾಚಿದರು, ನೆನಪಾಗಿ ಹಿಂದಕ್ಕೆ ಎಳೆದುಕೊಳ್ಳಲು ಹೋದರು. ಅಷ್ಟರಲ್ಲಿ ಮೇಡಂ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಎದ್ದುಬಿಟ್ಟಿದ್ದರು. ಎದ್ದ ಮೇಲೂ ಬಿಡಲಿಲ್ಲ. ಅವರ ಅಂಗೈಯೊಳಗೆ ಆ ಕೈ ನಡುಗುತ್ತಿರುವುದು ಸೊಳ್ಳೆಗೆ ಹಲಗೆಯ ಹತ್ತಿರದಿಂದಲೇ ಕಾಣುತ್ತಿತ್ತು.

"ಪರೀಕ್ಷೆ ತನಕ ಪಾಠ ನಿಮ್ಮದೇ. ಬರೆಯೋಕೆ ಇಷ್ಟೊಂದು ಕೈ ಇದ್ದಾವಲ್ಲ" ಎಂದರು ಮೇಡಂ. ಆಮೇಲೆ ಬಟ್ಟೆಯ ಧೂಳು ಕೊಡವಿಕೊಂಡು, ಯಾರನ್ನೂ ನೋಡದೆ ಹೊರಟುಹೋದರು.

ಸೊಳ್ಳೆ ತೋಳಿನಿಂದ ಕಣ್ಣೊರೆಸಿಕೊಂಡಳು, ಮುಖದ ತುಂಬ ಸುಣ್ಣವಾಯಿತು.

"ಅಲ್ಲೇ ನಿಂತಿದ್ದೀಯಲ್ಲೇ. ಹೇಳು, ಮೂರನೇ ಗೆರೆ ಎಲ್ಲಿಂದ?" ಎಂದು ಮೇಷ್ಟ್ರು ಗದರಿದರು. ಆ ದನಿ ಚೂರೂ ನಡುಗಲಿಲ್ಲ.